ಮಳೆಗೆ ತೋಟ, ಗದ್ದೆ ಹಾಳಾದರೆ: ಪರಿಹಾರ, ವಿಮೆ, ಸಾಲ ಮೂರಕ್ಕೂ ಹಂತ ಹಂತವಾಗಿ ಏನು ಮಾಡಬೇಕು

ಪ್ರತಿ ವರ್ಷ ಆಗಸ್ಟ್ ಕಳೆಯುತ್ತಿದ್ದಂತೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಕೇಳಿಬರುವುದು ಒಂದೇ ಮಾತು: "ಅರ್ಜಿ ಕೊಟ್ಟಿದ್ವಿ, ಬಂದು ನೋಡಿಕೊಂಡೂ ಹೋದರು. ಪಕ್ಕದವರಿಗೆ ಬಂತು, ನಮಗೆ ಬರಲಿಲ್ಲ." ಇಂಥ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪಿರುವುದು ಅರ್ಜಿಯಲ್ಲಲ್ಲ. ಅದಕ್ಕಿಂತ ಎಷ್ಟೋ ಮೊದಲು, ಪಹಣಿಯಲ್ಲೋ ಬೆಳೆ ಸಮೀಕ್ಷೆಯಲ್ಲೋ ಬ್ಯಾಂಕ್ ಖಾತೆಯಲ್ಲೋ.

ಇನ್ನೊಂದು ಗೊಂದಲವೂ ಇದೆ. ಸರ್ಕಾರದ ಪರಿಹಾರ, ಬೆಳೆ ವಿಮೆ, ಸಾಲದ ಮರುಹೊಂದಾಣಿಕೆ (ತೀರಿಸುವ ಅವಧಿಯ ವಿಸ್ತರಣೆ) ಇವು ಮೂರು ಬೇರೆ ಬೇರೆ. ಮೊದಲನೆಯದು ಕಂದಾಯ ಇಲಾಖೆಯದು, ಎರಡನೆಯದು ವಿಮಾ ಕಂಪನಿಯದು, ಮೂರನೆಯದು ಬ್ಯಾಂಕಿನದು. ಒಂದು ಕಡೆ ಅರ್ಜಿ ಕೊಟ್ಟರೆ ಉಳಿದೆರಡು ಕಡೆ ತಾನಾಗಿ ಗೊತ್ತಾಗುವುದಿಲ್ಲ. ಗಡುವೂ ಬೇರೆ ಬೇರೆ.

ಹಂತ 1: ಮಳೆಗಾಲಕ್ಕೆ ಮೊದಲೇ ದಾಖಲೆ ಸರಿ ಮಾಡಿಕೊಳ್ಳಿ

ಇದು ಮೇ ತಿಂಗಳ ಕೆಲಸ. ಮಳೆ ಬಿದ್ದ ಮೇಲೆ ಮಾಡುತ್ತೇನೆ ಎಂದರೆ ಆಗುವುದಿಲ್ಲ.

ಮೊದಲು ಪಹಣಿ ನೋಡಿ. ಜಮೀನು ಇನ್ನೂ ತೀರಿಕೊಂಡ ಅಪ್ಪಯ್ಯನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇದ್ದರೆ ಪರಿಹಾರ ಅಲ್ಲೇ ನಿಲ್ಲುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದ್ದರೆ ಯಾರ ಪಾಲು ಎಷ್ಟು ಎಂದು ನಮೂದಾಗಿದೆಯೇ ನೋಡಿಕೊಳ್ಳಿ. ಮನೆಯಲ್ಲಿ ಬಾಯಿಮಾತಿಗೆ ಪಾಲಾಗಿದ್ದರೆ ಕಂಪ್ಯೂಟರಿಗೆ ಅದು ಗೊತ್ತಿರುವುದಿಲ್ಲ.

ಎರಡನೆಯದು ಸರ್ಕಾರದ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಹೆಸರು ಸೇರಿಸಿ ಪಡೆಯುವ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ. ಎಫ್‌ಐಡಿ ಇದ್ದರೆ ಸಾಲದು, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. ಮನೆ ಹತ್ತಿರದ ತೋಟ ಸೇರಿಸಿ, ಪಕ್ಕದ ಊರಿನ ಗದ್ದೆ ಬಿಟ್ಟುಬಿಟ್ಟವರು ಬಹಳ ಜನ. ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಆಧಾರ್, ಪಹಣಿ, ಪಾಸ್‌ಬುಕ್ ಕೊಟ್ಟರೆ ಸೇರಿಸುತ್ತಾರೆ.

ಮೂರನೆಯದು ಬ್ಯಾಂಕ್ ಖಾತೆ. ಪರಿಹಾರದ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರ್‌ಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹಾಗೆ ಜೋಡಣೆಯಾಗಿರುವುದು ಒಂದು ಸಲಕ್ಕೆ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಜೋಡಿಸಿದ್ದು. ಯಾವುದೋ ಯೋಜನೆಗೆಂದು ತೆರೆದು ಮರೆತುಬಿಟ್ಟ ಖಾತೆಗೆ ಹಣ ಬಿದ್ದು ವರ್ಷಗಟ್ಟಲೆ ಅಲ್ಲೇ ಕೂತಿರುವುದುಂಟು. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ.

ಬಗರ್‌ಹುಕುಂ ಸಾಗುವಳಿ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಬೇಸಾಯ) ಮಾಡುವವರಿಗೆ, ಹಕ್ಕುಪತ್ರ ಇನ್ನೂ ಸಿಗದ ಶರಾವತಿ ಮುಳುಗಡೆ ಕುಟುಂಬಗಳಿಗೆ ಒಂದು ಮಾತು. ಪಹಣಿ ನಿಮ್ಮ ಹೆಸರಲ್ಲಿಲ್ಲದಿದ್ದರೆ ಬೆಳೆ ಪರಿಹಾರದ ಹಣ ನಿಮಗೆ ಬರುವ ದಾರಿ ತೀರಾ ಕಿರಿದು. ಆದರೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹಣಕ್ಕಲ್ಲದಿದ್ದರೂ ಆ ವರ್ಷ ಅಲ್ಲಿ ಬೆಳೆ ಇತ್ತು ಎಂಬುದಕ್ಕೆ ಅದೊಂದು ಕಾಗದ. ಶುಂಠಿಗೆ ಜಮೀನು ಗುತ್ತಿಗೆ ಪಡೆದವರಿಗೂ ಇದೇ ತೊಂದರೆ: ಬೆಳೆ ನಿಮ್ಮದು, ಹಣ ಹೋಗುವುದು ಪಹಣಿದಾರರಿಗೆ. ಕರಾರು ಬರೆಯುವಾಗಲೇ ಪರಿಹಾರ ಬಂದರೆ ಯಾರಿಗೆ ಎಂದು ಒಂದು ಸಾಲು ಸೇರಿಸಿ.

ಹಂತ 2: ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಏನೆಂದು ದಾಖಲಾಗಿದೆ?

ಇಡೀ ಪ್ರಕ್ರಿಯೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಪ್ರತಿ ಹಂಗಾಮಿನಲ್ಲೂ ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ನಡೆಯುತ್ತದೆ. ರೈತರೇ ಮಾಡಬಹುದು. ಮಾಡದಿದ್ದರೆ ಊರಿಗೆ ನೇಮಿಸಿದ "ಖಾಸಗಿ ನಿವಾಸಿ" (ಸಮೀಕ್ಷೆಗೆಂದು ಗೊತ್ತುಮಾಡಿದ ಸ್ಥಳೀಯರು) ಬಂದು ಮಾಡುತ್ತಾರೆ. ಪರಿಹಾರ ಕೊಡುವಾಗಲೂ, ವಿಮೆ ಇತ್ಯರ್ಥ ಮಾಡುವಾಗಲೂ ಈ ಸಮೀಕ್ಷೆಯ ದಾಖಲೆಯನ್ನೇ ತಾಳೆ ನೋಡುತ್ತಾರೆ.

ಮಲೆನಾಡಿನಲ್ಲಿ ಪದೇ ಪದೇ ಆಗುವ ತಪ್ಪುಗಳು ಇವು. ಗದ್ದೆಗೆ ಅಡಿಕೆ ಹಾಕಿ ವರ್ಷಗಳಾಗಿವೆ, ದಾಖಲೆಯಲ್ಲಿ ಇನ್ನೂ ಭತ್ತ. ಅಡಿಕೆಯ ಜೊತೆ ಕಾಳುಮೆಣಸಿದೆ, ದಾಖಲೆಯಲ್ಲಿ ಅಡಿಕೆ ಮಾತ್ರ. ಗುಡ್ಡದ ಮೇಲಿನ ತೋಟಕ್ಕೆ ಯಾರೂ ಹತ್ತಿ ಹೋಗದೆ "ಬೀಳು" ಎಂದು ನಮೂದಾಗಿದೆ. ಬೀಳು ಎಂದಿರುವ ಜಮೀನಿನಲ್ಲಿ ಬೆಳೆ ಹಾನಿ ಆಯಿತು ಎಂದರೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ, ಅಲ್ವಾ?

ಆದ್ದರಿಂದ ಸಮೀಕ್ಷೆ ನೀವೇ ಮಾಡಿ. ಮಿಶ್ರ ಬೆಳೆ ಇದ್ದರೆ ಎಲ್ಲವನ್ನೂ ಗುಂಟೆ ಲೆಕ್ಕದಲ್ಲಿ ಸೇರಿಸಿ. ಆಮೇಲೆ "ಬೆಳೆ ದರ್ಶಕ್" ಆ್ಯಪ್ ತೆರೆದು ನಿಮ್ಮ ಸರ್ವೆ ನಂಬರಿನ ಮಾಹಿತಿ ನೋಡಿ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆಗೆ ಕಾಲಮಿತಿ ಇರುತ್ತದೆ. ಅದು ಮುಗಿದ ಮೇಲೆ ಕಚೇರಿಗೆ ಹೋಗಿ ಗಲಾಟೆ ಮಾಡಿದರೂ ಪ್ರಯೋಜನ ಕಡಿಮೆ.

ಹಂತ 3: ಹಾನಿಯಾದ ದಿನ

ತೋಟ ಚೊಕ್ಕಟ ಮಾಡಬೇಡಿ, ಮೊದಲು ಫೋಟೋ. ಬಿದ್ದ ಮರ ಎಳೆದುಹಾಕಿ, ಹೂಳು ತೆಗೆದು ಆದಮೇಲೆ ಬಂದ ಸಮೀಕ್ಷಕರಿಗೆ ಕಾಣುವುದು ಒಳ್ಳೆಯ ತೋಟ. ದಾರಿ ಬಿಡಿಸಲೇಬೇಕು ಎಂದಿದ್ದರೆ ಬಿದ್ದ ಮರಗಳನ್ನು ಎಣಿಸಿ ಬರೆದುಕೊಳ್ಳಿ, ಬುಡಗಳನ್ನಾದರೂ ಹಾಗೇ ಬಿಡಿ.

ಫೋಟೋದಲ್ಲಿ ಸ್ಥಳ, ದಿನಾಂಕ, ಸಮಯ ಮೂಡಿಬರುವಂಥ ಕ್ಯಾಮೆರಾ ಆ್ಯಪ್ ಬಳಸಿ. ಜುಲೈನಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಆದರೆ ಫೋನಿನ ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಾಗಿಲ್ಲ. ಬಯಲಲ್ಲಿ ಸ್ವಲ್ಪ ಹೊತ್ತು ನಿಂತರೆ ಅಕ್ಷಾಂಶ, ರೇಖಾಂಶ ಸಿಗುತ್ತದೆ. ಫೋಟೋ ಈಗ ತೆಗೆಯಿರಿ, ಸಿಗ್ನಲ್ ಸಿಕ್ಕ ಕಡೆ ಹೋಗಿ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೋ ಆಗಿ ಕಳಿಸಿದರೆ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಮೂಲ ಫೋಟೋ ಫೋನಿನಲ್ಲೇ ಉಳಿಸಿಕೊಳ್ಳಿ.

ಮೂರು ಬಗೆಯ ಚಿತ್ರ ಬೇಕು. ಇಡೀ ಜಮೀನು ಕಾಣುವಂಥದ್ದು, ಹಾನಿಯನ್ನು ಹತ್ತಿರದಿಂದ ತೋರಿಸುವಂಥದ್ದು, ಗಡಿಕಲ್ಲೋ ಮನೆಯೋ ರಸ್ತೆಯೋ ಜೊತೆಗಿರುವಂಥದ್ದು. ನೀರು ನಿಂತಿದ್ದರೆ ಅದು ಇಳಿಯುವ ಮೊದಲೇ ತೆಗೆಯಿರಿ. ವರದಾ ನದಿ ತೀರದ ಗದ್ದೆಗಳಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ. ಅಲ್ಲಿ ಮೊದಲ ದಿನದ್ದು, ಕೆಲವು ದಿನ ಬಿಟ್ಟು ಇನ್ನೊಂದು, ಹೀಗೆ ತೆಗೆದಿಟ್ಟರೆ ಸಸಿ ಎಷ್ಟು ದಿನ ನೀರಿನಡಿ ಇತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಎಚ್ಚರಿಕೆ: ಧರೆ ಜರಿದ ಜಾಗದಲ್ಲಿ ಮೇಲ್ಗಡೆ ಹೊಸ ಬಿರುಕು ಕಂಡರೆ, ಕೆಂಪು ನೀರು ಒಸರುತ್ತಿದ್ದರೆ, ಮರ ವಾಲಿದ್ದರೆ ಹತ್ತಿರ ಹೋಗಬೇಡಿ. ದೂರದಿಂದ ತೆಗೆದ ಫೋಟೋ ಸಾಕು.

ದನ, ಎಮ್ಮೆ ಸತ್ತಿದ್ದರೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಹೂಳಬೇಡಿ. ವರದಿ ಇಲ್ಲದೆ ಪರಿಹಾರ ಸಿಗುವುದು ಕಷ್ಟ.

ಹಂತ 4: ವಿಮೆ, 72 ಗಂಟೆಯೊಳಗೆ (ಎಲ್ಲ ಬೆಳೆಗೂ ಅಲ್ಲ)

ಭತ್ತ ಬರುವುದು ಪ್ರಧಾನಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಲ್ಲಿ. ಮುಂಗಾರಿಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ. 2. ಧರೆ ಕುಸಿತ, ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಬಹುದು. ಬೆಳೆ ವಿಮೆ ಆ್ಯಪ್, ಬ್ಯಾಂಕ್, ಕೃಷಿ ಇಲಾಖೆ ಮೂಲಕವೂ ಆಗುತ್ತದೆ. ಕರೆ ಮಾಡಿದರೆ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ಕರೆ, ಮಾಡದ ಕರೆಗೆ ಸಮ.

ಗದ್ದೆ ಮುಳುಗಡೆಯ ವಿಷಯ ಸ್ವಲ್ಪ ಬೇರೆ. 2018ರಲ್ಲಿ ಭತ್ತದ ಮುಳುಗಡೆಯನ್ನು ಸ್ಥಳೀಯ ಹಾನಿಯ ಪಟ್ಟಿಯಿಂದ ತೆಗೆದಿದ್ದರು. ಈ ಕಾರಣಕ್ಕೇ ವರ್ಷಗಟ್ಟಲೆ ಸೊರಬ, ಸಾಗರದ ಎಷ್ಟೋ ಅರ್ಜಿಗಳಿಗೆ ದಾರಿಯೇ ಇರಲಿಲ್ಲ. 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕಾಡುಪ್ರಾಣಿ ಹಾವಳಿಯನ್ನೂ ಜೊತೆಗೆ ಸೇರಿಸಿದೆ. ನೋಂದಣಿ ಮಾಡಿಸುವಾಗ ನಿಮ್ಮ ಬೆಳೆಗೆ, ನಿಮ್ಮ ಪಂಚಾಯಿತಿಗೆ ಇವು ಅನ್ವಯಿಸುತ್ತವೆಯೇ ಎಂದು ಬಾಯಿಬಿಟ್ಟು ಕೇಳಿ. ಕೊಯ್ದು ಗದ್ದೆಯಲ್ಲೇ ಹರವಿಟ್ಟ ಭತ್ತ ಅಕಾಲಿಕ ಮಳೆಗೆ ನೆನೆದರೆ, ಕೊಯ್ಲಾದ 14 ದಿನದವರೆಗೆ ವಿಮೆಯ ರಕ್ಷಣೆ ಇರುತ್ತದೆ. ಅಲ್ಲೂ ಅದೇ 72 ಗಂಟೆ.

ಅಡಿಕೆ, ಕಾಳುಮೆಣಸಿನ ಕಥೆಯೇ ಬೇರೆ. ಇವು ಹವಾಮಾನ ಆಧಾರಿತ ವಿಮೆಯಲ್ಲಿ ಬರುತ್ತವೆ. ಈಚಿನ ವರ್ಷಗಳಲ್ಲಿ ಅಡಿಕೆಗೆ ವಿಮಾ ಮೊತ್ತ ಹೆಕ್ಟೇರಿಗೆ 1,28,000 ರೂಪಾಯಿ, ರೈತರ ಕಂತು ಶೇ. 5ರಂತೆ 6,400 ರೂಪಾಯಿ. ಇಲ್ಲಿ ಯಾರೂ ನಿಮ್ಮ ತೋಟ ನೋಡಲು ಬರುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪನ ಕೇಂದ್ರದ ಅಂಕಿಅಂಶ ನಿಗದಿತ ಮಿತಿ ದಾಟಿದರೆ ಹಣ, ಇಲ್ಲದಿದ್ದರೆ ಇಲ್ಲ. ಕೊಳೆ ರೋಗ ಬಂದು ಅರ್ಧ ಫಸಲು ಉದುರಿದರೂ ಅಷ್ಟೇ, ಉದುರದಿದ್ದರೂ ಅಷ್ಟೇ.

ಹಾಗಾಗಿ ಅಡಿಕೆ ಬೆಳೆಗಾರರು ಅತಿ ಮಳೆಯ ಹಾನಿಗೆ ಫೋನ್ ಮಾಡಿ ಕಾಯುವುದಕ್ಕಿಂತ ಬೇರೆ ಎರಡು ಕೆಲಸ ಮಾಡಬೇಕು. ಮೊದಲನೆಯದು, ವಿಮೆ ರಸೀದಿಯಲ್ಲಿ ಪಂಚಾಯಿತಿ, ಸರ್ವೆ ನಂಬರ್, ಬೆಳೆ ಸರಿಯಾಗಿವೆಯೇ ನೋಡುವುದು. ಸಾಲ ಇರುವವರಿಗೆ ಬ್ಯಾಂಕಿನವರೇ ಕಂತು ಮುರಿದುಕೊಂಡು ವಿವರ ತುಂಬುತ್ತಾರೆ. ಅಲ್ಲಿ ಪಂಚಾಯಿತಿ ತಪ್ಪಾದರೆ ನಿಮ್ಮ ಹಣ ಯಾವುದೋ ಊರಿನ ಮಳೆಯ ಮೇಲೆ ನಿಂತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಅದೇ ಜಿಲ್ಲೆಯ ಶಿಕಾರಿಪುರದಲ್ಲಿ ಅದರ ಕಾಲು ಭಾಗವೂ ಇಲ್ಲ. ಗುಡ್ಡದ ಆಚೆ ಈಚೆಗೇ ಲೆಕ್ಕ ಬದಲಾಗುವ ಸೀಮೆ ಇದು. ಬೆಳೆ ವಿಮೆಯ "ಸಂರಕ್ಷಣೆ" ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಎಲ್ಲ ವಿವರ ಕಾಣುತ್ತದೆ.

ಎರಡನೆಯದು, ಮಳೆಮಾಪಕದ ಮೇಲೆ ಕಣ್ಣಿಡುವುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ವರುಣಮಿತ್ರ" ಸಹಾಯವಾಣಿಯಲ್ಲಿ ನಿಮ್ಮ ಪಂಚಾಯಿತಿಯ ಮಳೆ ವಿವರ ಕೇಳಬಹುದು. ಹೊರಗೆ ಧೋ ಎಂದು ಸುರಿಯುತ್ತಿದ್ದಾಗ ದಾಖಲೆಯಲ್ಲಿ ಸೊನ್ನೆ ಇದ್ದರೆ ಯಂತ್ರ ಕೆಟ್ಟಿದೆ ಎಂದರ್ಥ. ಆಗಲೇ, ಆ ವಾರವೇ, ಪಂಚಾಯಿತಿ ಮತ್ತು ತೋಟಗಾರಿಕೆ ಇಲಾಖೆಗೆ ಲಿಖಿತ ದೂರು ಕೊಡಿ. ಮನೆಯಲ್ಲಿ ಮಳೆ ಅಳೆದು ಬರೆದಿಡುವ ಒಳ್ಳೆ ರೂಢಿ ನಮ್ಮ ಎಷ್ಟೋ ತೋಟಿಗರಿಗಿದೆ. ವಿಮಾ ಕಂಪನಿ ಆ ಪುಸ್ತಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ದೂರಿಗೆ ಬಲ ಬರುತ್ತದೆ.

ಹಂತ 5: ತಹಶೀಲ್ದಾರರಿಗೆ ಅರ್ಜಿ, ಆಮೇಲೆ ಜಂಟಿ ಸಮೀಕ್ಷೆ

ಅರ್ಜಿ ಉದ್ದ ಬೇಡ. ತಹಶೀಲ್ದಾರರ ಹೆಸರಿಗೆ ಬರೆದು, ನಿಮ್ಮ ಊರಿನ ಗ್ರಾಮ ಆಡಳಿತಾಧಿಕಾರಿಗೆ ಒಂದು ಪ್ರತಿ, ತೋಟಗಾರಿಕೆ ಅಥವಾ ಕೃಷಿ ಇಲಾಖೆಗೆ ಇನ್ನೊಂದು. ಹೀಗೆ ಸಾಕು:

"ದಿನಾಂಕ ಇಂಥದ್ದರಂದು ಸುರಿದ ಮಳೆಗೆ ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿ, ಒಟ್ಟು ಇಷ್ಟು ಎಕರೆ ಇಷ್ಟು ಗುಂಟೆ ಪೈಕಿ ಇಷ್ಟು ಗುಂಟೆ ಅಡಿಕೆ ತೋಟದಲ್ಲಿ ಹೊಳೆ ನೀರು ನುಗ್ಗಿ ಹೂಳು ತುಂಬಿದೆ. ಇಷ್ಟು ಮರ ಬಿದ್ದಿವೆ. ಸ್ಥಳ ಪರಿಶೀಲಿಸಿ ಪರಿಹಾರ ಕೊಡಿಸಬೇಕು."

ಕೆಳಗೆ ಎಫ್‌ಐಡಿ, ಆಧಾರ್, ಫೋನ್ ನಂಬರ್. ಜೊತೆಗೆ ಪಹಣಿ, ಫೋಟೋಗಳ ಪ್ರತಿ. "ತೋಟ ಪೂರ್ತಿ ನಾಶ" ಎಂದು ಬರೆಯಬೇಡಿ. ಬಂದವರಿಗೆ ಅರ್ಧ ತೋಟ ನಿಂತಿರುವುದು ಕಂಡರೆ ಉಳಿದರ್ಧದ ಮಾತಿಗೂ ಬೆಲೆ ಹೋಗುತ್ತದೆ. ಸ್ವೀಕೃತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.

ಬಳಿಕ ಕಂದಾಯ ಇಲಾಖೆಯವರೂ ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರೂ ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಆ ದಿನ ನೀವೇ ಜಮೀನಿನಲ್ಲಿರಬೇಕು. ಬೆಂಗಳೂರಿನಲ್ಲಿದ್ದುಕೊಂಡು ತೋಟ ಮಾಡಿಸುವವರು ವಿಷಯ ಗೊತ್ತಿರುವ ಒಬ್ಬರನ್ನಾದರೂ ನಿಲ್ಲಿಸಿ. ಬೆಳೆ ಹಾನಿ ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಪರಿಹಾರ. ಶೇ. 30 ಎಂದು ಬರೆದರೆ ಒಂದು ರೂಪಾಯಿಯೂ ಬರುವುದಿಲ್ಲ. ಮಹಜರಿಗೆ (ಸ್ಥಳ ಪರಿಶೀಲನೆಯ ವರದಿಗೆ) ಸಹಿ ಹಾಕುವ ಮೊದಲು ಸರ್ವೆ ನಂಬರ್, ಹಾನಿಯಾದ ಗುಂಟೆ, ಹಾನಿಯ ಪ್ರಮಾಣ ಈ ಮೂರನ್ನೂ ಓದಿ. ಬರಹ ಅರ್ಥವಾಗದಿದ್ದರೆ ಓದಿಸಿ. ಒಪ್ಪಿಗೆಯಾಗದಿದ್ದರೆ ಸಹಿಯ ಪಕ್ಕದಲ್ಲೇ ನಿಮ್ಮ ಆಕ್ಷೇಪ ಬರೆಯಿರಿ. ಹಾಳೆಯ ಫೋಟೋ ತೆಗೆದುಕೊಳ್ಳಿ.

ಹಂತ 6: ಎಷ್ಟು ಬರುತ್ತದೆ, ಲೆಕ್ಕ ಹಾಕಿ

ವಿಪತ್ತು ಪರಿಹಾರ ನಿಧಿಯಲ್ಲಿ 2022–23ರಿಂದ 2025–26ರವರೆಗೆ ನಿಗದಿಯಾದ ದರ ಹೀಗಿತ್ತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಮಿತಿ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 38 ಗುಂಟೆ. ಅದರ ನಂತರದ ಹಾನಿಗೆ ಹೊಸ ದರ ಏನಿದೆ ಎಂದು ನಾಡಕಚೇರಿಯಲ್ಲಿ ಕೇಳಿ. ರಾಜ್ಯ ಸರ್ಕಾರ ಕೆಲವೊಮ್ಮೆ ಮೇಲೆ ಸೇರಿಸಿ ಕೊಡುವುದೂ ಇದೆ. 2025ರ ಅತಿವೃಷ್ಟಿಗೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತ್ತು.

ನಮ್ಮ ಲೆಕ್ಕ ಗುಂಟೆಯಲ್ಲಿ ಅಲ್ವಾ? 22,500ರ ದರದಲ್ಲಿ ಒಂದು ಗುಂಟೆಗೆ ಸುಮಾರು 228 ರೂಪಾಯಿ. ಎಕರೆ ತೋಟದಲ್ಲಿ 20 ಗುಂಟೆ ಹಾಳಾದರೆ 4,550ರ ಆಸುಪಾಸು. ಬಿದ್ದ ಮರ ಕಡಿದು ಹಾಕುವ ಆಳಿನ ಕೂಲಿಗೂ ಇದು ಸಾಲುವುದಿಲ್ಲ. ಇದನ್ನು ನಷ್ಟ ಭರ್ತಿ ಎಂದುಕೊಂಡು ಕೂತರೆ ಬೇಸರವೇ. ಆದರೂ ಬಿಡಬೇಡಿ. ಸಾಲದ ಅವಧಿ ವಿಸ್ತರಣೆ ಕೇಳುವಾಗ ಈ ಹಾನಿಯ ದಾಖಲೆಯೇ ಕೈ ಹಿಡಿಯುವುದು.

ಬೆಳೆಯಲ್ಲದೆ ಜಮೀನಿನ ಹಾನಿಗೆ ಬೇರೆ ಬಾಬ್ತು ಇದೆ. ಇದನ್ನು ಕೇಳುವವರೇ ಕಡಿಮೆ. ಮುಂದಿನ ದರಗಳೂ ಅದೇ ಅವಧಿಯವು. ಮೂರು ಇಂಚಿಗಿಂತ ದಪ್ಪ ಮರಳು, ಹೂಳು ಕೂತಿದ್ದರೆ ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ. ಆದ್ದರಿಂದ ಹೂಳಿನಲ್ಲಿ ಅಳತೆಪಟ್ಟಿ ನಿಲ್ಲಿಸಿ ಫೋಟೋ ತೆಗೆಯಿರಿ. ಧರೆ ಕುಸಿದೋ ಹೊಳೆ ಪಾತ್ರ ಬದಲಿಸಿಯೋ ಜಮೀನೇ ಕೊಚ್ಚಿಹೋದರೆ ಹೆಕ್ಟೇರಿಗೆ 47,000. ಇದು ಸಣ್ಣ, ಅತಿ ಸಣ್ಣ ರೈತರಿಗೆ ಮಾತ್ರ, ಮಾಲೀಕತ್ವ ಕಂದಾಯ ದಾಖಲೆಯಲ್ಲಿರಬೇಕು. ಮೀನು ಕೊಳ ಒಡೆದು ಹೂಳು ತುಂಬಿದರೂ ದುರಸ್ತಿಗೆ 18,000ರ ದರ ಅನ್ವಯಿಸುತ್ತದೆ, ಕೊಳ ಚಿಕ್ಕದಾದರೂ ಕನಿಷ್ಠ 2,200 ರೂಪಾಯಿ. ಆದರೆ ಕೊಚ್ಚಿಹೋದ ಮೀನಿಗೆ ಪ್ರತ್ಯೇಕ ದರವಿಲ್ಲ. ಅರ್ಜಿಯಲ್ಲಿ ಮೀನಿನ ಲೆಕ್ಕವನ್ನೇ ಪುಟಗಟ್ಟಲೆ ಬರೆದು ಕೊಳದ ಅಳತೆ ಮರೆತವರಿದ್ದಾರೆ. ಹಾಲು ಕರೆಯುವ ಹಸು, ಎಮ್ಮೆ ಸತ್ತರೆ 37,500 ರೂಪಾಯಿ.

ಹಂತ 7: ಸಾಲ

ಕಂತಿನ ದಿನ ದಾಟುವ ಮೊದಲೇ ಬ್ಯಾಂಕಿಗೆ ಹೋಗಿ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದ ಪ್ರಕಾರ, ವಿಕೋಪದ ಹೊತ್ತಿಗಾಗಲೇ ಸುಸ್ತಿಯಾಗಿದ್ದ (ಗಡುವು ಮೀರಿ ಬಾಕಿ ಉಳಿದಿದ್ದ) ಅಲ್ಪಾವಧಿ ಸಾಲಕ್ಕೆ ಮರುಹೊಂದಾಣಿಕೆ ಇರಲಿಲ್ಲ. ಹಾನಿ ಶೇ. 33ರಿಂದ 50ರೊಳಗಿದ್ದರೆ ಬೆಳೆ ಸಾಲ ತೀರಿಸಲು ಗರಿಷ್ಠ 2 ವರ್ಷ, ಶೇ. 50 ಅಥವಾ ಮೇಲಿದ್ದರೆ 5 ವರ್ಷದವರೆಗೆ ಅವಕಾಶವಿತ್ತು. ಎರಡರಲ್ಲೂ ಮೊದಲ ವರ್ಷ ಕಂತಿನಿಂದ ಬಿಡುವು. ಆದರೆ ತಾಲ್ಲೂಕನ್ನು ಸರ್ಕಾರ ವಿಕೋಪಪೀಡಿತ ಎಂದು ಘೋಷಿಸಿರಬೇಕಿತ್ತು. ಈಗಿನ ನಿಯಮ ಏನಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಮ್ಯಾನೇಜರ್ ಬಾಯಿಮಾತಿನಲ್ಲಿ "ನೋಡೋಣ" ಎಂದರೆ ಸಾಲದು, ಅರ್ಜಿ ಕೊಟ್ಟು ಸೀಲು ಹಾಕಿಸಿ. ಮಹಜರಿನ ಪ್ರತಿಯನ್ನೂ ಲಗತ್ತಿಸಿ.

ಇದು ಸಾಲ ಮನ್ನಾ ಅಲ್ಲ. ಬಡ್ಡಿ ಎಷ್ಟು, ಯಾವಾಗಿನಿಂದ ಎಂದು ಬರವಣಿಗೆಯಲ್ಲಿ ಪಡೆಯಿರಿ. ಸೊಸೈಟಿಯ ಶೂನ್ಯ ಬಡ್ಡಿ ಸಾಲ ಇರುವವರು ಅಲ್ಲಿ ಬೇರೆಯಾಗಿ ಕೇಳಬೇಕು. ಗಡುವು ತಪ್ಪಿದರೆ ಶೂನ್ಯ ಬಡ್ಡಿ ಹೋಗಿ ಪೂರ್ತಿ ಬಡ್ಡಿ ಬೀಳುತ್ತದೆ.

ಹಂತ 8: ಹಣ ಬರದಿದ್ದರೆ ಈ ಕ್ರಮದಲ್ಲಿ ಹುಡುಕಿ

ಸೀದಾ ಕಚೇರಿಗೆ ಹೋಗಬೇಡಿ. ಮೊದಲು ಸರ್ಕಾರದಿಂದ ನೇರ ಜಮಾ ಆದ ಹಣ ತೋರಿಸುವ "ಡಿಬಿಟಿ ಕರ್ನಾಟಕ" ಆ್ಯಪ್ ನೋಡಿ, ಬೇರೆ ಖಾತೆಗೆ ಜಮಾ ಆಗಿರಬಹುದು. ಅಲ್ಲಿಲ್ಲದಿದ್ದರೆ "ಪರಿಹಾರ" ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಸೇರಿದೆಯೇ ನೋಡಿ. ಹೆಸರಿದ್ದೂ ಹಣ ಬಂದಿಲ್ಲ ಎಂದರೆ ಆಧಾರ್ ಜೋಡಣೆಯ ತೊಂದರೆ, ಬ್ಯಾಂಕಿಗೆ ಹೋಗಿ. ಹೆಸರೇ ಇಲ್ಲ ಎಂದರೆ ಎಫ್‌ಐಡಿ, ಬೆಳೆ ಸಮೀಕ್ಷೆ ಅಥವಾ ಜಂಟಿ ಸಮೀಕ್ಷೆಯಲ್ಲಿ ಬಿಟ್ಟುಹೋಗಿದೆ. ಆಗ ಸ್ವೀಕೃತಿ ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗಿ.

"ನಿಮ್ಮದು ವರದಿಯಲ್ಲಿಲ್ಲ" ಎಂದಷ್ಟೇ ಹೇಳಿ ಕಳಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಜಂಟಿ ಸಮೀಕ್ಷೆಯ ಪಟ್ಟಿ, ಮಹಜರಿನ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಜಗಳಕ್ಕಿಂತ ಈ ಕಾಗದ ಬೇಗ ಕೆಲಸ ಮಾಡುತ್ತದೆ. ವಿಮೆಯ ಅರ್ಜಿ ಬೆಳೆ ತಾಳೆಯಾಗದೆ ತಿರಸ್ಕೃತವಾಗಿದ್ದರೆ ತೋಟದ ಫೋಟೋ, ಪಹಣಿ, ಅಡಿಕೆ ಮಾರಿದ ಮಂಡಿ ಅಥವಾ ಸಹಕಾರ ಸಂಘದ ಬಿಲ್ಲು ಕೊಟ್ಟು ಆಕ್ಷೇಪಣೆ ಸಲ್ಲಿಸಿ. ಅಲ್ಲೂ ಆಗದಿದ್ದರೆ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿ ಇದೆ, ಅರ್ಜಿಯನ್ನು ಜಿಲ್ಲಾಧಿಕಾರಿಗಳ ಹೆಸರಿಗೆ ಬರೆಯಿರಿ.

"ಬೇಗ ಮಂಜೂರು ಮಾಡಿಸ್ತೀವಿ, ಓಟಿಪಿ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲೇ ಇಟ್ಟುಬಿಡಿ. ಪರಿಹಾರಕ್ಕೆ ಯಾವ ಇಲಾಖೆಯೂ ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ.